ಗೋಡೆಯ ಹಿಂದಿನ ಬಟ್ಟೆ

ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಕ್ಕೆ ಹಾಕಿದ ಚಪ್ಪರದೊಳಗೆ ಚೀಲಗಳ ಕಟ್ಟನ್ನು ಇಳಿಸಿ ತಲೆಯೆತ್ತಿದ ಸಂಚಿತಾ, ಅಂಗಳದ ಹಿಂಬದಿಯ ತಡೆಗೋಡೆಯ ನೆತ್ತಿಯಲ್ಲಿ ನೇರಳೆ ಬಣ್ಣದ ಬಟ್ಟೆಯ ಅಂಚೊಂದು ಇಣುಕುತ್ತಿರುವುದನ್ನು ಕಂಡಳು. ಮದುವೆಯ ಅತಿಥಿಗಳಿಗೆ ಕೊಡಲೆಂದು ತನ್ನ ಬಿಜೈಯ ಅಂಗಡಿಯಲ್ಲಿ ಹೊಲಿಸಿ ಅವಳು ಈಗ ತಂದಿದ್ದ ಚೀಲಗಳದೂ ಅದೇ ನೇರಳೆ.

"ಲಿಗೋರಿ ಅಂಕಲ್, ಆ ಗೋಡೆಯ ಹಿಂದೆ ಎಂತ ಬಟ್ಟೆ ಹಾಕಿದ್ದು?"

ಕುರ್ಚಿಗಳ ಸಾಲು ಸರಿಪಡಿಸುತ್ತಿದ್ದ ವಧುವಿನ ತಂದೆ ಹೆಮ್ಮೆಯಿಂದ ನಕ್ಕರು. "ನಿನ್ನದೇ ಮಗಾ! ಚೀಲದ ಬಣ್ಣ ಆರಿಸ್ಲಿಕ್ಕೆ ಬಂದಾಗ ಒಂದು ರೋಲ್ ಜಾಸ್ತಿ ತಕೊಂಡು ಹೋಗಿದ್ದೆನಲ್ಲ? ಇಂಜಿನಿಯರ್ ಗೋಡೆಯ ಹಿಂದೆ ನಾನ್‌ವೋವನ್ ಹಾಕಿ ಅಂದ. ಮನೆಯಲ್ಲೇ ಉಂಟು, ಮತ್ತೆ ಹೊಸತು ಎಂತಕ್ಕೆ?"

ಸಂಚಿತಾ ಮತ್ತೆ ಗೋಡೆಯ ಕಡೆ ನೋಡಿದಳು. ನೇಯದೆ ತಯಾರಿಸುವ ನಾನ್‌ವೋವನ್ ಎಂಬ ಒಂದೇ ಹೆಸರಿನಡಿ ಎಷ್ಟೊಂದು ಬಟ್ಟೆಗಳಿವೆಯೆಂಬುದನ್ನು ಅವಳು ದಿನವೂ ಗಿರಾಕಿಗಳಿಗೆ ವಿವರಿಸುತ್ತಿದ್ದಳು. ಮುಖಗವಸಿಗೆ ಚದರ ಮೀಟರಿಗೆ ಇಪ್ಪತ್ತೈದು ಗ್ರಾಂ ತೂಗುವ ಬಟ್ಟೆ ಸಾಕು. ಚೀಲಕ್ಕೆ ಎಂಬತ್ತು ಬೇಕು. ಮಣ್ಣನ್ನು ತಡೆದು ನೀರನ್ನು ಮಾತ್ರ ಹೊರಬಿಡಬೇಕಾದ ಗೋಡೆಗಾದರೆ ಇನ್ನೂರೈವತ್ತು ಗ್ರಾಮಿನ, ಸೂಜಿಗಳಿಂದ ಚುಚ್ಚಿ ಚುಚ್ಚಿ ಕಂಬಳಿಯಂತೆ ದಪ್ಪಗೆ ತಯಾರಿಸಿದ ಬಟ್ಟೆಯೇ ಆಗಬೇಕು. ಈ ಗೋಡೆಯ ಹಿಂದೆ ಇದ್ದದ್ದು ಚೀಲದ ಬಟ್ಟೆ. ಅದರ ಹಿಂದೆ ಇಡೀ ಗುಡ್ಡ.

ಈ ಸಲ ಮೇ ಮುಗಿಯುವ ಮೊದಲೇ ಮಳೆಗಾಲ ಹಿಡಿದಿತ್ತು. ನಿನ್ನೆಯಿಂದ ಬಿಡದೆ ಸುರಿದ ಮಳೆಗೆ ಚಪ್ಪರದ ತಗಡು ಈಗಲೂ ಸದ್ದು ಮಾಡುತ್ತಿತ್ತು. ಆದರೆ ನೀರು ಹೊರಹೋಗಲೆಂದು ಗೋಡೆಯಲ್ಲಿ ಸಾಲಾಗಿ ಇಟ್ಟಿದ್ದ ಪೈಪುಗಳಲ್ಲಿ ಒಂದರ ಬಾಯಿಯೂ ಒದ್ದೆಯಾಗಿರಲಿಲ್ಲ. ಅವಳು ಒಂದೊಂದರೊಳಗೂ ಬೆರಳಿಟ್ಟು ನೋಡಿದಳು.

"ಕಂಡೆಯಾ? ಇಷ್ಟು ಮಳೆಗೂ ಒಂದು ತೊಟ್ಟಿಲ್ಲ," ಎಂದು ಲಿಗೋರಿ ಗೋಡೆಯನ್ನು ತಟ್ಟಿದರು. "ಆಚೆಮನೆ ಇಸಿದೋರನ ಗೋಡೆ ನೋಡು. ಶೀತ ಆದ ಮಗುವಿನ ಮೂಗಿನ ಹಾಗೆ ಸೋರ್ತಾ ಉಂಟು."

"ಸೋರಬೇಕು ಅಂಕಲ್! ಪೈಪ್ ಇಡುವುದೇ ಅದಕ್ಕೆ. ಇಲ್ಲಿ ನೀರೆಲ್ಲ ಒಳಗೇ ನಿಂತಿದೆ."

"ಐದು ತೆಂಗಿನಕಾಯಿ ಹಾಕಿದ್ರೂ ಈ ಬಟ್ಟೆ ಹರಿಯುವುದಿಲ್ಲ ಅಂತ ನೀನೇ ಹೇಳಿದ್ದಲ್ಲ ಮಾರಾಯ್ತಿ?"

"ಭಾರ ಹೊರುವುದು ಬೇರೆ, ನೀರು ಬಿಡುವುದು ಬೇರೆ. ಮೇಲೆ ಇರುವುದು ಶೇಡಿ ಮಣ್ಣು. ನೀರು ಬಿದ್ದರೆ ಹಿಟ್ಟಿನ ಹಾಗೆ ಕರಗಿ ಬಂದು ಈ ತೆಳು ಬಟ್ಟೆಗೆ ಮೆತ್ತಿ ನೀರಿನ ದಾರಿ ಮುಚ್ತದೆ. ಒಳಗೆ ನಿಂತ ನೀರು ಗೋಡೆಯನ್ನೇ ದೂಡ್ತದೆ. ದಯವಿಟ್ಟು ಎಲ್ಲರನ್ನೂ ರಸ್ತೆಯ ಬದಿಗೆ ಕರಕೊಂಡು ಹೋಗಿ."

ಲಿಗೋರಿಯ ನಗು ಮಾಯವಾಯಿತು. "ನೆಂಟರಿಗೆ ಎಂತ ಹೇಳುವುದು? ಚೀಲದ ಅಂಗಡಿಯ ಹುಡುಗಿ ಗೋಡೆ ಬೀಳ್ತದೆ ಅಂದಳು ಅಂತವಾ? ಸರಿ, ಯಾವಾಗ ಬೀಳ್ತದೆ ಅಂತ ಹೇಳು. ಅದಕ್ಕೆ ಮುಂಚೆ ರೋಸ್ ಮುಗಿಸುವ."

ಸಂಚಿತಾ ಗೋಡೆಯ ತುದಿಗೆ ಹೋಗಿ, ಒಂದು ಕಣ್ಣು ಮುಚ್ಚಿ, ಅದರ ಉದ್ದಕ್ಕೂ ದೃಷ್ಟಿ ಹಾಯಿಸಿದಳು. ನಡುವೆ ಸ್ವಲ್ಪ ಉಬ್ಬಿದಂತೆ ಕಂಡಿತು. ಮತ್ತೊಮ್ಮೆ ನೋಡಿದಾಗ ನೇರವಾಗಿಯೇ ಇದೆಯೆನಿಸಿತು. ಹೆದರಿದ ಕಣ್ಣನ್ನು ನಂಬಬಹುದೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಹೆಂಗಸರು ಕೊಂಕಣಿಯ ಮದುವೆಹಾಡು ವೊವಿಯೊ ಹಾಡತೊಡಗಿದ್ದರು. ರೋಸಿನ ಶಾಸ್ತ್ರದಂತೆ ದೊಡ್ಡಮ್ಮನೊಬ್ಬರು ಮದುಮಗಳು ಶರೊನಳ ನೆತ್ತಿಯ ಮೇಲೆ ಮೊದಲ ಬೊಗಸೆ ತೆಂಗಿನ ಹಾಲನ್ನು ಸುರಿದರು. ಅವಳ ಮಣೆ ಗೋಡೆಯಿಂದ ಮೂರು ಮಾರು ದೂರದಲ್ಲೂ ಇರಲಿಲ್ಲ. ಹಾಲು ಕಣ್ಣಿಗಿಳಿಯದಂತೆ ಅಂಗೈ ಅಡ್ಡ ಹಿಡಿದು ಅವಳು ಸಂಚಿತಾಳನ್ನೇ ನೋಡುತ್ತಿದ್ದಳು.

"ಸಂಚಿತಾ, ನೀನಾದ್ರೆ ಇಲ್ಲಿ ಕೂತ್ಕೊಳ್ತಿಯಾ?"

"ಇಲ್ಲ."

ಹಾಡು ನಿಂತಿತು. ಶರೊನ್ ಎದ್ದು ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡಳು.

"ಎಂತ ಮಾಡ್ತಿ ನೀನು? ಸಾಯ್ಬಾ ಭೊಗ್ಸ್, ದೇವರೇ ಕ್ಷಮಿಸು! ರೋಸಿನ ಮಧ್ಯದಲ್ಲಿ ಏಳುವುದುಂಟಾ?" ಎಂದು ದೊಡ್ಡಮ್ಮ ಕೂಗಿದರು.

"ಏಳುವುದಿಲ್ಲ ದೊಡ್ಡಮ್ಮ, ಸ್ವಲ್ಪ ಮುಂದೆ ಹೋಗುವುದು. ನೀವು ಹಾಲು ತಕೊಂಡು ಬನ್ನಿ," ಎಂದು ಶರೊನ್ ಅಂಗಳ ದಾಟಿದಳು.

ಮದುಮಗಳೇ ನಡೆದ ಮೇಲೆ ನೆಂಟರು ಉಳಿಯುವಂತಿರಲಿಲ್ಲ. ಕುರ್ಚಿಗಳು, ಹಾಲಿನ ಪಾತ್ರೆ, ಮಕ್ಕಳು, ಮೇಣದ ಬತ್ತಿಗಳು, ಎಲ್ಲವೂ ಗೇಟಿನಾಚೆ ಬಂದವು. ಶರೊನ್ ಡಾಮರಿನ ಅಂಚಿಗೆ ಮಣೆಯಿಟ್ಟು ಕುಳಿತಳು. ಸುತ್ತಲೂ ಕೊಡೆಗಳು ಬಿಚ್ಚಿಕೊಂಡವು. ಬಸ್ಸೊಂದು ಹಾರ್ನ್ ಹೊಡೆಯುತ್ತ ಬಂದು, ನಿಂತು, ಹಾರ್ನನ್ನು ನಿಲ್ಲಿಸಿತು. ಕಿಟಕಿಗಳ ತುಂಬ ಮುಖಗಳು. ಮಳೆಯಲ್ಲಿ ತೆಳುವಾದ ತೆಂಗಿನ ಹಾಲು ರಸ್ತೆಯ ಮೇಲೆ ಹರಿಯಿತು. ಹೆಂಗಸರು ಮತ್ತೆ ಹಾಡಿದರು, ಆದರೆ ಯಾರೂ ಮದುಮಗಳನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಗೋಡೆಯ ಮೇಲಿತ್ತು.

ಗೋಡೆ ನಿಂತೇ ಇತ್ತು. ಖಾಲಿ ಚಪ್ಪರದೊಳಗೆ ಬಣ್ಣದ ದೀಪಗಳು ಉರಿದು ಆರಿ, ಉರಿದು ಆರುತ್ತಿದ್ದವು. ಎರಡನೆಯ ಹಾಡೂ ಮುಗಿಯಿತು. ನೆಂಟರಲ್ಲಿ ಯಾರೋ ಕೆಮ್ಮಿದರು. ಯಾರೋ ಕಿಸಕ್ಕನೆ ನಕ್ಕರು.

ಲಿಗೋರಿ ಬಂದು ಸಂಚಿತಾಳ ಪಕ್ಕದಲ್ಲಿ ನಿಂತರು. ಕೊಡೆ ಹಿಡಿದಿರಲಿಲ್ಲ.

"ಬಿದ್ರೆ ನನ್ನ ಮನೆ ಹೋಯ್ತು," ಎಂದರು ತಗ್ಗಿದ ದನಿಯಲ್ಲಿ. "ಬೀಳದಿದ್ರೆ ನಾಳೆ ಇಗರ್ಜಿಯಲ್ಲಿ ನನ್ನ ಮರ್ಯಾದೆ ಹೋಯ್ತು, ನಿನ್ನದೂ ಹೋಯ್ತು. ಆಗದಿಂದ ನೋಡ್ತಾ ಇದ್ದೇನೆ, ಏನೋ ಪ್ರಾರ್ಥನೆ ಮಾಡ್ತಾ ಇದ್ದಿ. ಯಾವುದಕ್ಕೆ ಅಂತ ಹೇಳು ಮಗಾ."

ತನ್ನ ತುಟಿಗಳು ಅಲುಗುತ್ತಿದ್ದವೆಂಬುದು ಸಂಚಿತಾಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಳು.