ಬಟ್ಟಲಿಗೊಂದು ಹೆಸರು

"ಆ ಹೆಸರೇ ಯಾಕೆ? ಯಾರದು ಅದು?" ಎಂದು ಅವಳು ಕೇಳಿದಳು.

ಗಂಡ ಮಗುವಿನ ಗಲ್ಲದ ಗುಳಿ ಸವರುತ್ತಿದ್ದ. "ನಸುಕು ಅಂತ ಅರ್ಥ. ಚೆನ್ನಾಗಿಲ್ವಾ?"

"ಇವಳು ಹುಟ್ಟಿದ್ದು ಮಟಮಟ ಮಧ್ಯಾಹ್ನ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅವನು ಧಡಕ್ಕನೆ ಎದ್ದು ಹೊರಗೆ ಹೋದ.

ಅವನು ಪಾತ್ರೆಗಳ ಮೇಲೆ ಹೆಸರು ಕೆತ್ತುವವನು. ದಿನವಿಡೀ ಊರವರ ಹೆಸರು ಕೆತ್ತಿದರೂ ಒಂದನ್ನೂ ಮನೆಗೆ ತಂದವನಲ್ಲ. ಇದನ್ನು ಮಾತ್ರ ನಿದ್ದೆಯಲ್ಲೂ ಕನವರಿಸುತ್ತಿದ್ದ. ಶುರುವಾದದ್ದು ಹೋದ ವಾರ. ತಾನು ಹಾಲು ಕುಡಿದು ಬೆಳೆದ ಬೆಳ್ಳಿ ಬಟ್ಟಲನ್ನು ಅವಳೇ ಕೊಟ್ಟು, "ಮಗಳಿಗೆ ನೀನೇ ಒಂದು ಹೆಸರು ಹುಡುಕಿ ಕೆತ್ತು," ಎಂದಿದ್ದಳು. ಬಟ್ಟಲಿನ ಹೊರಮೈ ಒಂದು ಕಡೆ ಸವೆದಿತ್ತು. ಬಿದ್ದು ಗೀರಾಗಿತ್ತು, ಉಜ್ಜಿಸಿದೆ ಎಂದು ಅಮ್ಮ ಹೇಳಿದ್ದಳು.

"ಹೊರಗೆ ಎಷ್ಟೇ ಉಜ್ಜು, ಉಳಿ ಪೆಟ್ಟು ಒಳಗೆ ಉಳಿದೇ ಉಳಿಯುತ್ತೆ," ಎನ್ನುವುದು ಅವನ ಮಾಮೂಲಿ ಜಂಬ. ಗಂಡಸರ ಹಳೆಯ ಪ್ರೀತಿಯೂ ಹಾಗೇ ಇರಬೇಕು, ಥೂ!

ಅವಳು ತವರಿಗೆ ಓಡಿದಳು. ಹೆಸರು ಕೇಳಿದ್ದೇ ತಡ, ಅಮ್ಮನ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಈ ಮನೇಲಿ ಆ ಹೆಸರೆತ್ತಬೇಡ ಕಣೇ!" ಎಂದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಹಾಗಾದರೆ ಅಮ್ಮನಿಗೂ ಗೊತ್ತು.

ಅಲ್ಲಿಂದ ನೇರ ಗಂಡ ಕೆಲಸ ಮಾಡುವ ಅಂಗಡಿಗೆ. ಮುದಿ ಯಜಮಾನ ಕನ್ನಡಕ ಒರೆಸಿಕೊಂಡ. "ಮೊದಲು ಆ ಹೆಸರು ಕೆತ್ತಿದ್ದು ನಾನೇ ಅಮ್ಮಾ. ಅವನಿಗೆ ಮನೆ ತೋರಿಸಿದ್ದೂ ನಾನೇ. ಪಾಪ, ಆಕೆ ಕಾಯ್ತಾನೇ ಇದ್ದಾಳೆ."

ಕಾಯುತ್ತಿದ್ದಾಳಂತೆ!

ಮರುದಿನ ಬೆಳಿಗ್ಗೆ ಗಂಡ, "ಮಗೂಗೆ ಸ್ವಲ್ಪ ಗಾಳಿ ತೋರಿಸಿ ಬರ್ತೀನಿ," ಎಂದು ಹೊರಟ. ಬಟ್ಟಲೂ ಅವನ ಚೀಲ ಸೇರಿತು. ಅವಳು ಬೆಕ್ಕಿನ ಹೆಜ್ಜೆಯಲ್ಲಿ ಹಿಂಬಾಲಿಸಿದಳು. ಸಂದಿಯ ಕೊನೆಯಲ್ಲಿ ನೀಲಿ ಬಾಗಿಲು. ಅದು ತೆರೆದದ್ದೇ ಅವಳು ಅವನನ್ನು ತಳ್ಳಿಕೊಂಡು ನುಗ್ಗಿದಳು. "ಎಲ್ಲಿ ಆ ಮಾಯಗಾತಿ?"

ಒಳಗಿದ್ದದ್ದು ತಲೆ ನರೆತ ಮುದುಕಿಯೊಬ್ಬಳೇ. ಗಲ್ಲದ ನಡುವೆ ಗುಳಿ.

"ಬಟ್ಟಲೊಳಗೆ ಸಿಕ್ಕ ಹೆಸರು... ಖಾತ್ರಿಯಾದ ಮೇಲೆ ಹೇಳೋಣ ಅಂತಿದ್ದೆ," ಎಂದು ಗಂಡ ತೊದಲಿದ.

ಮುದುಕಿ ಮಗುವಿನತ್ತ ನೋಡಲೇ ಇಲ್ಲ. ಅವಳ ಗಲ್ಲ ಹಿಡಿದು, ಅದೇ ಹೆಸರಿನಿಂದ ಅವಳನ್ನು ಕರೆದು, "ಕೋಳಿ ಕೂಗೋ ಹೊತ್ತಲ್ಲಿ ಹುಟ್ಟಿದ್ದೆ ಕಣೇ ನೀನು," ಎಂದಳು.