ಹಸಿರು ಏಪ್ರನ್ ಹಾಕಿದ ಅಮ್ಮ

ಹಾಲಿನ ಕ್ಯಾನನ್ನು ಟ್ರಾಲಿಯಲ್ಲಿಟ್ಟು ರುದ್ರಾಣಿ ತಿರುಗಿ ನೋಡಿದರೆ ಅನಘಾ ಇರಲಿಲ್ಲ.

ಬಿಸ್ಕತ್ತಿನ ಸಾಲು, ಹಣ್ಣಿನ ಸಾಲು, ಮತ್ತೆ ಹಾಲಿನ ಸಾಲು. ಎಲ್ಲೂ ಇಲ್ಲ. ಮಗಳ ಹೆಸರು ಬಾಯಿಗೆ ಬಂತು, ಕೂಗಲಿಲ್ಲ. ಗಂಡ ಗುರುದತ್ತನ ಹೊಡೆತ ತಾಳಲಾರದೆ ಸಿಡ್ನಿಯಿಂದ ಮಗಳನ್ನು ಎತ್ತಿಕೊಂಡು ಮೆಲ್ಬರ್ನಿಗೆ ಓಡಿ ಬಂದು ನಾಲ್ಕು ತಿಂಗಳಾಗಿತ್ತು. ಊರಂಚಿನ ಈ ವೆರಿಬೀಯಲ್ಲಿ ತಾವು ಇರುವುದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದಳು. 'ಎಲ್ಲಿದ್ರೂ ಹುಡುಕ್ತೀನಿ, ಮಗು ನಂದು' ಎಂದು ಅವನು ಕಳಿಸಿದ್ದ ಮೆಸೇಜು ಈಗ ಕಣ್ಣೆದುರು ಬಂದು ನಿಂತಿತು. ಟ್ರಾಲಿ ಬಿಟ್ಟು ಕಾರ್ ಪಾರ್ಕಿಗೆ ಓಡಿದಳು. ಹೊರಗೆ ಹೋಗುತ್ತಿದ್ದ ಪ್ರತಿ ಕಾರಿನ ಹಿಂದಿನ ಸೀಟನ್ನೂ ಇಣುಕಿ ನೋಡಿದಳು.

ಮತ್ತೆ ಅಂಗಡಿಯೊಳಗೆ ಬಂದಾಗ ಮೈಕಿನಲ್ಲಿ ಹೇಳುತ್ತಿದ್ದರು: "ಕೊಯುಕಿ ಎಂಬ ಪುಟ್ಟ ಹುಡುಗಿ ನಮ್ಮ ಬಳಿ ಇದ್ದಾಳೆ. ತಾಯಿಯ ಹೆಸರು ಟೊಮೊಯೆ. ಹಸಿರು ಏಪ್ರನ್ ಹಾಕಿದ್ದಾರೆ, ತಲೆಗೆ ಚುಕ್ಕಿ ಚುಕ್ಕಿ ಸ್ಕಾರ್ಫ್." ಯಾರೋ ಜಪಾನಿನವರ ಮಗು. ಅವರದಾದರೂ ಸಿಕ್ಕಿತಲ್ಲ ಎಂದುಕೊಂಡು ರುದ್ರಾಣಿ ಮತ್ತೆ ಓಡಿದಳು. ಪೊಲೀಸರಿಗೆ ಫೋನ್ ಮಾಡಲು ಮೊಬೈಲು ತೆಗೆದಳು. ಅಷ್ಟರಲ್ಲಿ ಮೈಕು ಇನ್ನೊಮ್ಮೆ ಹೇಳಿತು: "ತಾಯಿ ತುಂಬಾ ಜೋರಾಗಿ ಕೂಗಾಡುತ್ತಾರಂತೆ. ಆದರೆ ಯಾರಿಗೂ ಭಯ ಆಗುವುದಿಲ್ಲವಂತೆ." ಸುತ್ತಲಿನವರು ನಕ್ಕರು.

ರುದ್ರಾಣಿಯ ಕಾಲು ನಿಂತೇಬಿಟ್ಟಿತು. ಟೊಮೊಯೆ! ಮಗಳು ದಿನಾ ಊಟದ ಹೊತ್ತಿಗೆ ನೋಡುವ ಜಪಾನೀ ಕಾರ್ಟೂನಿನಲ್ಲಿ ಕೊಯುಕಿಯ ಅಮ್ಮ. ಗಂಡನನ್ನೂ ಮಕ್ಕಳನ್ನೂ ಪೊರಕೆ ಹಿಡಿದು ಮನೆ ತುಂಬಾ ಅಟ್ಟಾಡಿಸುವವಳು.

ಹೆಲ್ಪ್ ಡೆಸ್ಕಿನ ಕುರ್ಚಿಯಲ್ಲಿ ಅನಘಾ ಕಾಲು ಜೋಲುಬಿಟ್ಟು ಕೂತಿದ್ದಳು. ತಾಯಿಯ ಕುತ್ತಿಗೆಗೆ ಜೋತುಬಿದ್ದು ಕಿವಿಯಲ್ಲಿ ಪಿಸುಗುಟ್ಟಿದಳು: "ಅಮ್ಮಾ, ನಾನು ನಮ್ಮ ನೇಮ್ ಹೇಳ್ಲೇ ಇಲ್ಲ. ಅವ್ರು ತುಂಬಾ ಸಲ ಕೇಳಿದ್ರು. ಆದ್ರೂ ಹೇಳ್ಲಿಲ್ಲ."

ಯಾರಿಗೂ ಹೆಸರು ಹೇಳಬೇಡ ಎಂದು ಕಲಿಸಿದವಳು ತಾಯಿಯೇ. "ಜಾಣೆ ಪುಟ್ಟಾ ನೀನು," ಎಂದು ರುದ್ರಾಣಿ ಮಗಳನ್ನು ಅವುಚಿಕೊಂಡಳು.

"ಓ, ನೀವು ಕನ್ನಡವಾ?" ಡೆಸ್ಕಿನ ಹೆಂಗಸು ಮುಖ ಅರಳಿಸಿದಳು. ಎದೆಯ ಮೇಲಿನ ಬಿಲ್ಲೆಯಲ್ಲಿ ಎಮಿಲಿಯಾನಾ ಎಂದಿತ್ತು. "ನಮ್ಮದು ಮಂಗಳೂರು. ನಿಮ್ಮದು ಯಾವ ಊರು?"

ಕನ್ನಡದವರ ಬಾಯಿಂದ ಬಾಯಿಗೆ ಸುದ್ದಿ ಸಿಡ್ನಿ ಮುಟ್ಟಲು ಎಷ್ಟು ಹೊತ್ತು? ರುದ್ರಾಣಿ ಮಗಳ ಕೈ ಹಿಡಿದು ಹೊರಡಲು ನೋಡಿದಳು. ಎಮಿಲಿಯಾನಾ ಡ್ರೈವಿಂಗ್ ಲೈಸೆನ್ಸ್ ಕೇಳಿದಳು. ತೋರಿಸದೆ ಮಗುವನ್ನು ಕಳಿಸುವಂತಿರಲಿಲ್ಲ. ಅದರಲ್ಲಿನ್ನೂ ಗಂಡನ ಮನೆಯ, ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ವಿಳಾಸವೇ ಇತ್ತು.

"ಸಿಡ್ನಿಯಾ? ರಿಜಿಸ್ಟರಿನಲ್ಲಿ ಇದೇ ಅಡ್ರೆಸ್ ಬರೆಯುವುದಾ?"

"ಬೇಡ. ದಯವಿಟ್ಟು ಬೇಡ."

ಎಮಿಲಿಯಾನಾ ತಲೆಯೆತ್ತಿ ತಾಯಿಯನ್ನು ನೋಡಿದಳು, ಮಗುವನ್ನು ನೋಡಿದಳು. ಅವಳ ನಗು ಮೆಲ್ಲಗೆ ಇಳಿಯಿತು. "ಆಯ್ತು, ಖಾಲಿ ಬಿಡ್ತೇನೆ. ಹೆಸರು ಮಾತ್ರ ಬರೆದು ಸೈನ್ ಮಾಡಿ. ಈ ಪುಸ್ತಕ ಇಲ್ಲಿಂದ ಹೊರಗೆ ಹೋಗುದಿಲ್ಲ. ನಾನು ಕೂಡ ಯಾರ ಹತ್ರವೂ ಹೇಳುದಿಲ್ಲ."

ರುದ್ರಾಣಿ ನಿಧಾನವಾಗಿ ತನ್ನ ಹೆಸರನ್ನು ಬರೆದಳು.

ಅನಘಾ ಕಣ್ಣರಳಿಸಿದಳು. "ಅಮ್ಮಾ! ಹೇಳ್ಬಹುದಾ?"

"ಈ ಆಂಟಿಗೆ ಹೇಳ್ಬಹುದು ಪುಟ್ಟಾ."

"ಐ ಆಮ್ ಅನಘಾ!" ನಾಲ್ಕು ತಿಂಗಳಿನಿಂದ ಅದುಮಿಟ್ಟುಕೊಂಡಿದ್ದ ಹೆಸರು ಅದು. ಮಗು ಕುರ್ಚಿಯ ಮೇಲೆ ಹತ್ತಿ ನಿಂತು, ಕುಣಿಯುತ್ತಾ, ಇನ್ನೂ ಜೋರಾಗಿ ಕೂಗಿತು, "ಅನಘಾ! ಅನಘಾ!"

ರುದ್ರಾಣಿ ನಗಲು ಹೋದಳು. ಕಣ್ಣು ಮಾತ್ರ ಬಾಗಿಲ ಕಡೆಗೆ ಹೋಗಿತ್ತು.