ಚಡ್ಡಿಯೊಳಗಿನ ಬೀಗ

ಆರೋಗ್ಯ ಕೇಂದ್ರದ ತಕ್ಕಡಿಯ ಮುಳ್ಳು ಕೆಂಪು ಗೆರೆ ದಾಟಿ ನಿಂತಾಗ ಅತ್ತೆ ಸೊಸೆಯ ಮೊಣಕೈ ತಿವಿದಳು. ಕೊಕ್ಕೆಗೆ ನೇತುಹಾಕಿದ ಬಟ್ಟೆಯ ಜೋಲಿಯಲ್ಲಿ ಮಗು ಕೂತಿತ್ತು. ಅದರ ಚಡ್ಡಿಯೊಳಗೆ ಮನೆಬಾಗಿಲಿನ ದಪ್ಪ ಬೀಗ ಅಡಗಿತ್ತು. ಮುಳ್ಳು ಗೆರೆಯ ಕೆಳಗೇ ಉಳಿದರೆ ಮಗುವನ್ನು ದೊಡ್ಡಾಸ್ಪತ್ರೆಗೆ ಸೇರಿಸಬೇಕು, ತಾಯಿ ಜೊತೆಗಿರಬೇಕು. ಅವಳು ರಜೆ ಹಾಕಿದರೆ ಹೊಲಿಗೆ ಕಾರ್ಖಾನೆಯಲ್ಲಿ ಅವಳ ಮೆಷಿನ್ ಮುಂದೆ ಬೇರೊಬ್ಬಳು ಕೂರುತ್ತಾಳೆ. ಉಪಾಯ ಅತ್ತೆಯದು, ಬೀಗ ಇಟ್ಟ ಕೈ ಮಾತ್ರ ಸೊಸೆಯದೇ.

"ಪರವಾಗಿಲ್ಲ ಕಣಮ್ಮ, ಮೈಕೈ ತುಂಬ್ಕೊಳ್ತಿದೆ," ಎಂದಳು ನರ್ಸ್.

"ಅಜ್ಜಿ ಕೈತುತ್ತು ಅಂದ್ರೆ ಸುಮ್ನೇನಾ?" ಅತ್ತೆ ನಕ್ಕಳು.

ನರ್ಸ್ ಮಗುವಿನ ಕೆನ್ನೆ ತಟ್ಟಿದಳು. "ಎಷ್ಟು ಸಾಧು ನೋಡಿ. ಉಳಿದ ಮಕ್ಕಳನ್ನ ಇದ್ರಲ್ಲಿ ಕೂರಿಸಿದ್ರೆ ಆಕಾಶ ಭೂಮಿ ಒಂದು ಮಾಡ್ತವೆ."

ಸೊಸೆ ಮಗುವಿನ ಮುಖ ನೋಡಿದಳು. ಹೋದ ತಿಂಗಳು ಇದೇ ಜೋಲಿಯಲ್ಲಿ ಮಗು ಕಿರುಚಿ, ಕಾಲು ಝಾಡಿಸಿ, ಈ ನರ್ಸಿನ ಕನ್ನಡಕವನ್ನೇ ಬೀಳಿಸಿತ್ತು. ಇವತ್ತು ತಣ್ಣನೆಯ ಕಬ್ಬಿಣ ತೊಡೆಗೆ ಒತ್ತುತ್ತಿದ್ದರೂ ಅದಕ್ಕೆ ಅಳುವಷ್ಟು ತ್ರಾಣವಿರಲಿಲ್ಲ. ಸುಮ್ಮನೆ ಗೋಡೆ ನೋಡುತ್ತಿತ್ತು.

"ಎತ್ಕೋ, ಹೊತ್ತಾಯ್ತು," ಅತ್ತೆ ಪಿಸುಗುಟ್ಟಿದಳು.

ಅವಳು ಎತ್ತಿಕೊಳ್ಳಲಿಲ್ಲ. ಚಡ್ಡಿಯೊಳಗೆ ಕೈ ಹಾಕಿ ಬೀಗ ಹೊರಗೆಳೆದಳು. ಮುಳ್ಳು ನಡುಗಿ ಕೆಂಪು ಗೆರೆಯ ಕೆಳಕ್ಕೆ ಜಾರಿತು. ನರ್ಸ್ ಬಾಯಿ ತೆರೆಯುವ ಮೊದಲೇ ಅವಳು ಬೀಗವನ್ನು ಅತ್ತೆಯ ಅಂಗೈಗೆ ಒತ್ತಿದಳು.

"ಮನೆ ಕಡೆ ನೋಡ್ಕೊಳ್ಳಿ ಅತ್ತೆ. ನಾವಿಬ್ರೂ ಆಸ್ಪತ್ರೆಗೆ ಹೊರಟ್ವಿ."